ಸಿಟ್ರೊಯೆನ್ ಡಿಎಸ್

ಸಿಟ್ರೊಯೆನ್ ಡಿಎಸ್ ಎಂಬುದು ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯು 1955ರಿಂದ 1975ರವರೆಗೆ ತಯಾರಿಸಿದ ಮಧ್ಯಮ-ದೊಡ್ಡ ಗಾತ್ರದ ಕಾರು. ದೂರ ಪ್ರಯಾಣದಲ್ಲಿ ಪ್ರಯಾಣಿಕರಿಗೂ ಚಾಲಕನಿಗೂ ದಣಿವಾಗದಂತೆ ಸಾಗುವ ಗುಣದಿಂದಾಗಿ ಇದು ಮೋಟಾರು ವಾಹನಗಳ ಇತಿಹಾಸದಲ್ಲಿ ವಿಶೇಷ ಸ್ಥಾನವನ್ನು ಪಡೆದಿದೆ. ಉಕ್ಕಿನ ಸ್ಪ್ರಿಂಗುಗಳ ಬದಲಿಗೆ ಅನಿಲ ಮತ್ತು ದ್ರವಗಳನ್ನು ಬಳಸುವ ಹೈಡ್ರೋನ್ಯೂಮ್ಯಾಟಿಕ್ ಸಸ್ಪೆನ್ಷನ್ ಇದರ ಮುಖ್ಯ ಲಕ್ಷಣ. ಇದೇ ದ್ರವ ವ್ಯವಸ್ಥೆಯು ಕಾರಿನ ಸ್ಟಿಯರಿಂಗ್, ಬ್ರೇಕ್ ಮತ್ತು ಗೇರ್ ಬದಲಾವಣೆಗಳಿಗೂ ಶಕ್ತಿಯನ್ನು ಒದಗಿಸುತ್ತಿತ್ತು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಒಟ್ಟು 14,55,746 ಕಾರುಗಳು ತಯಾರಾದವು. 1999ರಲ್ಲಿ ನಡೆದ 'ಶತಮಾನದ ಕಾರು' ಆಯ್ಕೆಯಲ್ಲಿ ಫೋರ್ಡ್ ಮಾಡೆಲ್ ಟಿ ಮತ್ತು ಮಿನಿ ಕಾರುಗಳ ನಂತರ ಮೂರನೆಯ ಸ್ಥಾನ ಇದಕ್ಕೆ ದೊರೆಯಿತು.

ಹೆಸರು

'ಡಿ' ಮತ್ತು 'ಎಸ್' ಅಕ್ಷರಗಳನ್ನು ಫ್ರೆಂಚ್ ಭಾಷೆಯಲ್ಲಿ ಒಟ್ಟಾಗಿ ಉಚ್ಚರಿಸಿದಾಗ 'ದೆಎಸ್' ಎಂದು ಕೇಳಿಸುತ್ತದೆ. ಆ ಭಾಷೆಯಲ್ಲಿ ಇದಕ್ಕೆ 'ದೇವತೆ' ಎಂಬ ಅರ್ಥವಿದೆ. ಈ ಶ್ಲೇಷೆಯಿಂದಾಗಿ ಕಾರಿಗೆ 'ದೇವತೆ' ಎಂಬ ಹೆಸರು ಜನರ ಬಾಯಲ್ಲಿ ನಿಂತಿತು. ಸ್ವಲ್ಪ ಸರಳಗೊಳಿಸಿದ, ಕಡಿಮೆ ಬೆಲೆಯ ಮಾದರಿಗೆ 'ಐಡಿ' ಎಂದು ಹೆಸರಿಡಲಾಯಿತು. ಇದರ ಫ್ರೆಂಚ್ ಉಚ್ಚಾರಣೆಯು 'ಕಲ್ಪನೆ' ಎಂಬ ಅರ್ಥದ ಪದವನ್ನು ಹೋಲುತ್ತದೆ. ಹೆಸರಿನ ಜೊತೆಗಿರುವ 19, 21, 23 ಎಂಬ ಅಂಕಿಗಳು ಎಂಜಿನ್ನಿನ ಗಾತ್ರವನ್ನು ಸೂಚಿಸುತ್ತವೆ.

ಹಿನ್ನೆಲೆ

ಆಂದ್ರೆ ಸಿಟ್ರೊಯೆನ್ 1919ರಲ್ಲಿ ಸ್ಥಾಪಿಸಿದ ಕಾರು ಸಂಸ್ಥೆಯು 1934ರಲ್ಲಿ 'ಟ್ರಾಕ್ಷನ್ ಅವಾಂ' ಎಂಬ, ಮುಂದಿನ ಚಕ್ರಗಳಿಂದ ಚಲಿಸುವ ಕಾರನ್ನು ಹೊರತಂದಿತು. ಆರ್ಥಿಕ ಸಂಕಷ್ಟಕ್ಕೆ ಸಿಲುಕಿದ ಸಂಸ್ಥೆಯನ್ನು ಟೈರು ತಯಾರಕರಾದ ಮಿಶೆಲಿನ್ ವಹಿಸಿಕೊಂಡಿತು. ಮಿಶೆಲಿನ್ ಕಡೆಯಿಂದ ಬಂದ ಪಿಯೆರ್-ಜೂಲ್ ಬೂಲಾಂಜೆ ಅವರ ನೇತೃತ್ವದಲ್ಲಿ 1938ರ ಸುಮಾರಿಗೆ ಟ್ರಾಕ್ಷನ್ ಅವಾಂ ಕಾರಿನ ಉತ್ತರಾಧಿಕಾರಿಯ ಬಗ್ಗೆ ಚಿಂತನೆ ಆರಂಭವಾಯಿತು. ಎರಡನೆಯ ಮಹಾಯುದ್ಧ ಮತ್ತು ಫ್ರಾನ್ಸಿನ ಮೇಲಿನ ಜರ್ಮನ್ ಆಕ್ರಮಣದಿಂದ ಈ ಕೆಲಸ ನಿಧಾನವಾಯಿತು. 1950ರಲ್ಲಿ ಬೂಲಾಂಜೆ ಕಾರು ಅಪಘಾತದಲ್ಲಿ ತೀರಿಕೊಂಡ ನಂತರವೂ ಯೋಜನೆ ನಿಲ್ಲದೆ ಮುಂದುವರಿಯಿತು.

ಪ್ರಯಾಣದ ಸುಖವನ್ನು ಸಿಟ್ರೊಯೆನ್ ಸಂಸ್ಥೆಯು ಶ್ರೀಮಂತರಿಗೆ ಮಾತ್ರ ಸೇರಿದ್ದೆಂದು ಭಾವಿಸಿರಲಿಲ್ಲ. ರೈತರಿಗಾಗಿ 1948ರಲ್ಲಿ ಹೊರತಂದ ಅಗ್ಗದ '2ಸಿವಿ' ಕಾರಿಗೂ, ಉತ್ತ ಹೊಲದಲ್ಲಿ ಸಾಗಿದಾಗ ಬುಟ್ಟಿಯಲ್ಲಿರುವ ಮೊಟ್ಟೆಗಳು ಒಡೆಯಬಾರದು ಎಂಬ ನಿಬಂಧನೆಯಿತ್ತು. ಇದೇ ಆಶಯವನ್ನು ದೊಡ್ಡದಾದ, ವೇಗವಾದ ಕಾರಿನಲ್ಲಿ ಸಾಧಿಸುವುದು ಡಿಎಸ್ ಯೋಜನೆಯ ಗುರಿಯಾಗಿತ್ತು.

ಅಂದಿನ ಫ್ರಾನ್ಸಿನ ರಸ್ತೆಗಳ ಸ್ಥಿತಿಯೂ ಇದಕ್ಕೆ ಕಾರಣವಾಗಿತ್ತು. 1950ರ ದಶಕದ ಮಧ್ಯದಲ್ಲಿ ಅಲ್ಲಿ ಮೋಟಾರು ಹೆದ್ದಾರಿಗಳು ಇನ್ನೂ ಬಹಳ ವಿರಳ. ಊರಿಂದೂರಿಗೆ ಹೋಗಲು ಜನರು ಮರಗಳ ಸಾಲಿನ ನಡುವೆ ಹಾಯುವ, ಕೆಲವೆಡೆ ಕಲ್ಲು ಹಾಸಿದ, ಅಂಚು ಕುಸಿದ ರಾಷ್ಟ್ರೀಯ ರಸ್ತೆಗಳನ್ನೇ ಅವಲಂಬಿಸಿದ್ದರು. ಪ್ಯಾರಿಸ್ಸಿನಿಂದ ಮೆಡಿಟರೇನಿಯನ್ ಕರಾವಳಿಗೆ ಹೋಗುವ ಏಳನೆಯ ರಾಷ್ಟ್ರೀಯ ರಸ್ತೆಯ ಉದ್ದ ಸುಮಾರು 1000 ಕಿಲೋಮೀಟರ್. ಫ್ರಾನ್ಸಿನಲ್ಲಿ 1936ರಲ್ಲಿ ದುಡಿಯುವವರಿಗೆ ಎರಡು ವಾರಗಳ ವೇತನಸಹಿತ ರಜೆ ದೊರೆತು, 1956ರಲ್ಲಿ ಅದು ಮೂರು ವಾರಗಳಿಗೆ ಏರಿತು. ಬೇಸಿಗೆಯ ರಜೆಯಲ್ಲಿ ಕುಟುಂಬಸಮೇತ, ಸಾಮಾನು ತುಂಬಿಕೊಂಡು ಈ ರಸ್ತೆಯಲ್ಲಿ ದಕ್ಷಿಣಕ್ಕೆ ಹೊರಡುವುದು ವಾಡಿಕೆಯಾಯಿತು. ಪ್ಯಾರಿಸ್, ಲಿಯೋನ್ ಮತ್ತು ಮಾರ್ಸೇ ನಗರಗಳನ್ನು ಜೋಡಿಸುವ ಹೆದ್ದಾರಿ ಪೂರ್ಣಗೊಂಡದ್ದು 1970ರಲ್ಲಿ. ಹೀಗಾಗಿ ಡಿಎಸ್ ತನ್ನ ಆಯುಷ್ಯದ ಬಹುಭಾಗವನ್ನು ಹಳೆಯ ರಸ್ತೆಗಳ ಮೇಲೆಯೇ ಕಳೆಯಿತು. ರಸ್ತೆ ಒಳ್ಳೆಯದಾಗುವವರೆಗೆ ಕಾಯದೆ, ಕೆಟ್ಟ ರಸ್ತೆಯನ್ನೇ ಒಪ್ಪಿಕೊಂಡು ರೂಪುಗೊಂಡ ಕಾರು ಇದು.

ರೂಪಿಸಿದವರು

ಡಿಎಸ್ ಕಾರಿನ ರೂಪಣೆಯಲ್ಲಿ ಮೂವರ ಪಾತ್ರ ಮುಖ್ಯವಾದುದು.

ಆಂದ್ರೆ ಲಫೆಬ್ರ್ ಯೋಜನೆಯ ಪ್ರಧಾನ ಎಂಜಿನಿಯರ್. ವಿಮಾನಗಳ ವಿನ್ಯಾಸದ ಹಿನ್ನೆಲೆಯಿಂದ ಬಂದ ಇವರು ಹಗುರವಾದ ರಚನೆಗೂ ಗಾಳಿಯನ್ನು ಸುಲಭವಾಗಿ ಸೀಳುವ ಆಕಾರಕ್ಕೂ ಮಹತ್ವ ನೀಡಿದರು.

ಫ್ಲಾಮಿನಿಯೊ ಬೆರ್ತೋನಿ ಇಟಲಿಯ ಮೂಲದ ಶಿಲ್ಪಿ. ಟ್ರಾಕ್ಷನ್ ಅವಾಂ ಮತ್ತು 2ಸಿವಿ ಕಾರುಗಳಿಗೂ ರೂಪ ಕೊಟ್ಟ ಇವರು ಡಿಎಸ್ ಕಾರಿನ ಹೊರಮೈ ಮತ್ತು ಒಳಾಂಗಣಗಳನ್ನು ವಿನ್ಯಾಸಗೊಳಿಸಿದರು.

ಪಾಲ್ ಮಾಜೆಸ್ ದ್ರವ ವ್ಯವಸ್ಥೆಯ ಜನಕ. ಇವರು ಎಂಜಿನಿಯರಿಂಗ್ ಪದವಿ ಪಡೆದವರಲ್ಲ. ಹದಿಹರೆಯದಲ್ಲಿಯೇ ಸಿಟ್ರೊಯೆನ್ ಸಂಸ್ಥೆಗೆ ಸೇರಿ, ಕೆಲಸ ಮಾಡುತ್ತಲೇ ವಿಷಯವನ್ನು ಕಲಿತವರು. ಮಹಾಯುದ್ಧದ ಕಾಲದಲ್ಲಿ ಆರಂಭವಾದ ಇವರ ಪ್ರಯೋಗಗಳ ಫಲವು ಮೊದಲು ಬಳಕೆಗೆ ಬಂದದ್ದು 1954ರಲ್ಲಿ, ಟ್ರಾಕ್ಷನ್ ಅವಾಂ ಕಾರಿನ ಆರು ಸಿಲಿಂಡರುಗಳ '15-ಸಿಕ್ಸ್ ಎಚ್' ಮಾದರಿಯಲ್ಲಿ. ಅದರ ಹಿಂದಿನ ಚಕ್ರಗಳಿಗೆ ಮಾತ್ರ ಹೊಸ ಸಸ್ಪೆನ್ಷನ್ ಅಳವಡಿಸಲಾಗಿತ್ತು. ಮರುವರ್ಷ ಡಿಎಸ್ ಕಾರಿನಲ್ಲಿ ಅದು ನಾಲ್ಕು ಚಕ್ರಗಳಿಗೂ ವಿಸ್ತರಿಸಿತು.

ಅನಾವರಣ

1955ರ ಅಕ್ಟೋಬರಿನಲ್ಲಿ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಡಿಎಸ್19 ಮಾದರಿಯನ್ನು ಅನಾವರಣಗೊಳಿಸಲಾಯಿತು. ಮುಂಭಾಗದಲ್ಲಿ ಜಾಲರಿಯಿಲ್ಲದ, ಹಿಂದಕ್ಕೆ ಇಳಿಜಾರಾಗಿ ಸಾಗುವ, ಹಿಂದಿನ ಚಕ್ರಗಳನ್ನು ಅರ್ಧ ಮುಚ್ಚಿದ ಅದರ ರೂಪವು ಅಂದಿನ ಯಾವ ಕಾರನ್ನೂ ಹೋಲುತ್ತಿರಲಿಲ್ಲ. ಮೊದಲ 15 ನಿಮಿಷಗಳಲ್ಲಿ 743 ಬೇಡಿಕೆಗಳೂ ದಿನದ ಅಂತ್ಯದ ವೇಳೆಗೆ ಸುಮಾರು 12,000 ಬೇಡಿಕೆಗಳೂ ಬಂದವು ಎಂದು ದಾಖಲಾಗಿದೆ. ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟವಾದ ತಮ್ಮ 'ಮಿಥಾಲಜೀಸ್' ಕೃತಿಯಲ್ಲಿ ಈ ಕಾರಿನ ಬಗ್ಗೆಯೇ ಒಂದು ಪ್ರಬಂಧವನ್ನು ಬರೆದು, ಮೋಟಾರು ಕಾರನ್ನು ಮಧ್ಯಯುಗದ ಯುರೋಪಿನ ಮಹಾ ಚರ್ಚುಗಳೊಂದಿಗೆ ಹೋಲಿಸಿದರು.

ದೂರ ಪ್ರಯಾಣ ಮತ್ತು ದಣಿವು

ಡಿಎಸ್ ಕಾರಿನ ವಿನ್ಯಾಸವನ್ನು ಅರ್ಥ ಮಾಡಿಕೊಳ್ಳಲು, ಕಾರಿನಲ್ಲಿ ಸುಮ್ಮನೆ ಕುಳಿತವರಿಗೂ ದಣಿವಾಗುವುದೇಕೆ ಎಂಬುದನ್ನು ತಿಳಿಯಬೇಕಾಗುತ್ತದೆ. ರಸ್ತೆಯ ಏರುಪೇರುಗಳು ಚಕ್ರದ ಮೂಲಕ ದೇಹಕ್ಕೆ ಕಂಪನವಾಗಿ ತಲುಪುತ್ತವೆ. ಕುಳಿತಿರುವ ಮನುಷ್ಯನ ದೇಹವು ಸೆಕೆಂಡಿಗೆ ಸುಮಾರು 4ರಿಂದ 8 ಬಾರಿ ಮೇಲೆ ಕೆಳಗೆ ಆಗುವ ಕಂಪನವನ್ನು ಎಲ್ಲಕ್ಕಿಂತ ಹೆಚ್ಚಾಗಿ ಅನುಭವಿಸುತ್ತದೆ. ಹೊಟ್ಟೆಯ ಅಂಗಗಳು ಮತ್ತು ಬೆನ್ನುಮೂಳೆ ಈ ಲಯಕ್ಕೆ ಸ್ಪಂದಿಸಿ ತಾವೂ ಅಲುಗುವುದು ಇದಕ್ಕೆ ಕಾರಣ. ದೇಹವನ್ನು ಸ್ಥಿರವಾಗಿಟ್ಟುಕೊಳ್ಳಲು ಬೆನ್ನು ಮತ್ತು ಕುತ್ತಿಗೆಯ ಸ್ನಾಯುಗಳು ನಮಗೆ ಅರಿವಿಲ್ಲದಂತೆಯೇ ಗಂಟೆಗಟ್ಟಲೆ ದುಡಿಯುತ್ತವೆ. ಸದ್ದು, ಸೆಕೆ ಮತ್ತು ಅನುಕೂಲವಿಲ್ಲದ ಆಸನಗಳು ಸೇರಿದರೆ ದಣಿವು ಇನ್ನೂ ಹೆಚ್ಚುತ್ತದೆ.

ಚಾಲಕನ ವಿಷಯದಲ್ಲಿ ಇದು ಸುಖದ ಪ್ರಶ್ನೆ ಮಾತ್ರವಲ್ಲ. ದಣಿದ ಚಾಲಕನ ಗಮನ ಕುಗ್ಗುತ್ತದೆ. ಎದುರಾದ ಅಪಾಯಕ್ಕೆ ಆತ ತಡವಾಗಿ ಸ್ಪಂದಿಸುತ್ತಾನೆ. ಆದ್ದರಿಂದ ದೂರ ಪ್ರಯಾಣದ ಕಾರಿನಲ್ಲಿ ಸುಖವೂ ಸುರಕ್ಷತೆಯೂ ಒಂದಕ್ಕೊಂದು ಹೆಣೆದುಕೊಂಡಿವೆ.

ಮೃದುವಾದ ಆಸನದಿಂದ ಮಾತ್ರ ಈ ಸಮಸ್ಯೆ ಬಗೆಹರಿಯುವುದಿಲ್ಲ. ಸ್ಪ್ರಿಂಗೇ ಇಲ್ಲದ ಎತ್ತಿನ ಗಾಡಿಯಲ್ಲಿ ಎಷ್ಟು ಹುಲ್ಲು ಹಾಸಿದರೂ ಕಲ್ಲಿನ ಹೊಡೆತವು ಬೆನ್ನನ್ನು ತಲುಪುತ್ತದೆ. ಕಾರಿನಲ್ಲಿ ಸ್ಪ್ರಿಂಗುಗಳು ಆ ಹೊಡೆತವನ್ನು ನಿಧಾನವಾದ ತೂಗಾಟವಾಗಿ ಪರಿವರ್ತಿಸುತ್ತವೆ. ಸ್ಪ್ರಿಂಗು ಮೃದುವಾದಷ್ಟೂ ತೂಗಾಟ ನಿಧಾನವಾಗುತ್ತದೆ. ಸೆಕೆಂಡಿಗೆ ಒಂದು ಬಾರಿಯ ಆಸುಪಾಸಿನಲ್ಲಿರುವ ತೂಗಾಟವು ದೇಹಕ್ಕೆ ಹಿತವೆನಿಸುತ್ತದೆ.

ಆದರೆ ಉಕ್ಕಿನ ಸ್ಪ್ರಿಂಗಿನಲ್ಲಿ ಒಂದು ತೊಡಕಿದೆ. ಅದನ್ನು ಮೃದುವಾಗಿ ಮಾಡಿದರೆ, ಐವರು ಕುಳಿತು ಸಾಮಾನು ಹೇರಿದಾಗ ಕಾರಿನ ಹಿಂಭಾಗ ಕುಸಿಯುತ್ತದೆ. ತಿರುವುಗಳಲ್ಲಿ ಕಾರು ವಾಲುತ್ತದೆ, ಬ್ರೇಕ್ ಒತ್ತಿದಾಗ ಮುಂಭಾಗ ತಗ್ಗುತ್ತದೆ. ಗಟ್ಟಿಯಾಗಿ ಮಾಡಿದರೆ ಈ ದೋಷಗಳು ಕಡಿಮೆಯಾದರೂ ಕುಲುಕಾಟ ಹೆಚ್ಚುತ್ತದೆ. ಬಹುತೇಕ ತಯಾರಕರು ಇವೆರಡರ ನಡುವೆ ಒಂದು ಹೊಂದಾಣಿಕೆಗೆ ಬರುತ್ತಿದ್ದರು. ಮಾಜೆಸ್ ಈ ಹೊಂದಾಣಿಕೆಯ ಅಗತ್ಯವನ್ನೇ ಕಡಿಮೆ ಮಾಡುವ ದಾರಿಯನ್ನು ಹುಡುಕಿದರು.

ಹೈಡ್ರೋನ್ಯೂಮ್ಯಾಟಿಕ್ ಸಸ್ಪೆನ್ಷನ್

ಅನಿಲವೇ ಸ್ಪ್ರಿಂಗು

ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದರೆ, ಮೊದಲು ಸುಲಭವಾಗಿ ಕೆಳಗಿಳಿಯುವ ಹಿಡಿಯು ಕ್ರಮೇಣ ಬಿಗಿಯಾಗುತ್ತದೆ. ಕೈ ಬಿಟ್ಟರೆ ಅದು ಹಿಂದಕ್ಕೆ ಚಿಮ್ಮುತ್ತದೆ. ಒತ್ತಡಕ್ಕೆ ಒಳಗಾದ ಅನಿಲವು ಸ್ಪ್ರಿಂಗಿನಂತೆ ವರ್ತಿಸುತ್ತದೆ ಎಂಬುದಕ್ಕೆ ಇದು ಸರಳ ನಿದರ್ಶನ. ಈ ಸ್ಪ್ರಿಂಗಿನ ವೈಶಿಷ್ಟ್ಯವೆಂದರೆ, ಹೊರೆ ಕಡಿಮೆಯಿದ್ದಾಗ ಮೃದುವಾಗಿದ್ದು ಹೊರೆ ಹೆಚ್ಚಿದಂತೆ ತಾನಾಗಿಯೇ ಗಟ್ಟಿಯಾಗುವುದು.

ಡಿಎಸ್ ಕಾರಿನ ಪ್ರತಿಯೊಂದು ಚಕ್ರಕ್ಕೂ ಒಂದು ಉಕ್ಕಿನ ಗೋಳವಿರುತ್ತದೆ. ಗೋಳದ ಒಳಭಾಗವನ್ನು ರಬ್ಬರಿನ ಪರದೆಯೊಂದು ಎರಡಾಗಿ ವಿಭಜಿಸುತ್ತದೆ. ಪರದೆಯ ಒಂದು ಬದಿಯಲ್ಲಿ ಹೆಚ್ಚಿನ ಒತ್ತಡದಲ್ಲಿ ತುಂಬಿದ ಸಾರಜನಕ ಅನಿಲ, ಇನ್ನೊಂದು ಬದಿಯಲ್ಲಿ ದ್ರವ. ಚಕ್ರವು ಉಬ್ಬಿನ ಮೇಲೆ ಹತ್ತಿದಾಗ ಅದಕ್ಕೆ ಜೋಡಿಸಿದ ಪಿಸ್ಟನ್ ದ್ರವವನ್ನು ಗೋಳದೊಳಕ್ಕೆ ತಳ್ಳುತ್ತದೆ. ದ್ರವವು ಕುಗ್ಗುವುದಿಲ್ಲವಾದ್ದರಿಂದ ಅದು ಪರದೆಯನ್ನು ಒತ್ತುತ್ತದೆ, ಅನಿಲ ಕುಗ್ಗುತ್ತದೆ. ಉಬ್ಬನ್ನು ದಾಟಿದ ಮೇಲೆ ಅನಿಲವು ಹಿಗ್ಗಿ ದ್ರವವನ್ನು ಹಿಂದಕ್ಕೆ ತಳ್ಳುತ್ತದೆ. ಗೋಳದ ಕುತ್ತಿಗೆಯಲ್ಲಿರುವ ಕಿರಿದಾದ ಕವಾಟದ ಮೂಲಕ ದ್ರವ ಹಾಯಬೇಕಾಗಿರುವುದರಿಂದ ತೂಗಾಟ ಬೇಗನೆ ಅಡಗುತ್ತದೆ. ಇತರ ಕಾರುಗಳಲ್ಲಿ ಶಾಕ್ ಅಬ್ಸಾರ್ಬರ್ ಮಾಡುವ ಕೆಲಸವನ್ನು ಇಲ್ಲಿ ಈ ಕವಾಟವೇ ಮಾಡುತ್ತದೆ.

ಎತ್ತರವನ್ನು ಕಾಯ್ದುಕೊಳ್ಳುವಿಕೆ

ಅನಿಲದ ಸ್ಪ್ರಿಂಗೂ ಹೊರೆ ಬಿದ್ದಾಗ ಕುಸಿಯುತ್ತದೆ. ಇದನ್ನು ಸರಿಪಡಿಸಲು ಮುಂದಿನ ಮತ್ತು ಹಿಂದಿನ ಚಕ್ರಗಳ ಜೋಡಿಗೆ ಒಂದೊಂದರಂತೆ ಎತ್ತರ ನಿಯಂತ್ರಕಗಳಿವೆ. ಎಂಜಿನ್ನಿನಿಂದ ನಡೆಯುವ ಪಂಪು ದ್ರವವನ್ನು ಸುಮಾರು 150 ಬಾರ್ ಒತ್ತಡದಲ್ಲಿ ಸಿದ್ಧವಾಗಿಟ್ಟಿರುತ್ತದೆ. ಸಾಮಾನ್ಯ ಕಾರಿನ ಟೈರಿನಲ್ಲಿರುವ ಒತ್ತಡವು ಸುಮಾರು 2 ಬಾರ್ ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿಯುತ್ತದೆ. ಹಿಂದಿನ ಆಸನದಲ್ಲಿ ಜನರು ಕುಳಿತು ಕಾರು ತಗ್ಗಿದಾಗ ನಿಯಂತ್ರಕವು ಪಂಪಿನ ಕಡೆಯ ದಾರಿಯನ್ನು ತೆರೆದು ಹೆಚ್ಚಿನ ದ್ರವವನ್ನು ಒಳಗೆ ಬಿಡುತ್ತದೆ. ಕಾರು ಮೊದಲಿನ ಎತ್ತರಕ್ಕೆ ಏರುತ್ತದೆ. ಜನರು ಇಳಿದಾಗ ಹೆಚ್ಚುವರಿ ದ್ರವವು ತೊಟ್ಟಿಗೆ ಹಿಂದಿರುಗುತ್ತದೆ.

ಇದರ ಫಲವಾಗಿ ಸ್ಪ್ರಿಂಗನ್ನು ಬಹಳ ಮೃದುವಾಗಿಡುವುದು ಸಾಧ್ಯವಾಯಿತು. ಚಾಲಕನೊಬ್ಬನೇ ಇದ್ದಾಗಲೂ, ಕುಟುಂಬವೆಲ್ಲ ಸಾಮಾನಿನೊಡನೆ ಕುಳಿತಾಗಲೂ ಚಕ್ರಗಳಿಗೆ ಮೇಲೆ ಕೆಳಗೆ ಚಲಿಸಲು ಒಂದೇ ಪ್ರಮಾಣದ ಅವಕಾಶ ಉಳಿಯುತ್ತಿತ್ತು.

ಚಾಲಕನ ಬಳಿಯ ಸನ್ನೆಯಿಂದ ಕಾರಿನ ಎತ್ತರವನ್ನು ಬದಲಾಯಿಸಬಹುದಿತ್ತು. ಹಳ್ಳಕೊಳ್ಳಗಳ ದಾರಿಯಲ್ಲಿ ಕಾರನ್ನು ಎತ್ತರಿಸಿ ನಿಧಾನವಾಗಿ ಸಾಗಬಹುದಿತ್ತು. ಚಕ್ರ ಬದಲಾಯಿಸಲು ಜ್ಯಾಕ್ ತಿರುಗಿಸುವ ಶ್ರಮವೂ ಇರಲಿಲ್ಲ. ಕಾರನ್ನು ಪೂರ್ಣ ಎತ್ತರಕ್ಕೆ ಏರಿಸಿ, ಪಕ್ಕಕ್ಕೆ ಆಧಾರದ ಕಂಬವನ್ನು ಕೊಟ್ಟು, ಮತ್ತೆ ತಗ್ಗಿಸಿದರೆ ಆ ಬದಿಯ ಚಕ್ರಗಳು ತಾವಾಗಿಯೇ ನೆಲ ಬಿಟ್ಟು ಮೇಲೇಳುತ್ತಿದ್ದವು. ಎಂಜಿನ್ ನಿಲ್ಲಿಸಿ ಬಹಳ ಹೊತ್ತು ಬಿಟ್ಟಾಗ ಕಾರು ನಿಧಾನವಾಗಿ ನೆಲದ ಕಡೆಗೆ ಕುಸಿದು, ಮತ್ತೆ ಚಾಲನೆ ಮಾಡಿದಾಗ ಮೇಲೇಳುತ್ತಿತ್ತು. ನೋಡುವವರಿಗೆ ಇದು ಮಲಗಿದ್ದ ಪ್ರಾಣಿಯೊಂದು ಏಳುವಂತೆ ತೋರುತ್ತಿತ್ತು.

ಸುಖಕ್ಕೆ ನೆರವಾದ ಇತರ ಅಂಶಗಳು

ಸಸ್ಪೆನ್ಷನ್ ಒಂದೇ ಡಿಎಸ್ ಕಾರಿನ ಸುಖಕ್ಕೆ ಕಾರಣವಲ್ಲ.

ಚಕ್ರಗಳ ಅಂತರ: ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3,125 ಮಿಲಿಮೀಟರ್. ಕಾರಿನ ಉದ್ದಕ್ಕೆ ಹೋಲಿಸಿದರೆ ಇದು ಹೆಚ್ಚಿನದು. ಚಕ್ರಗಳು ದೂರವಿದ್ದಷ್ಟೂ ಕಾರು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುವುದು ಕಡಿಮೆ. ಆಸನಗಳು ಚಕ್ರಗಳ ಮೇಲೆ ಬಾರದೆ ಅವುಗಳ ನಡುವೆ ಇರುವುದರಿಂದ ಹಿಂದೆ ಕುಳಿತವರಿಗೂ ಹೊಡೆತ ತಗಲುವುದಿಲ್ಲ.

ಸಮತಟ್ಟಾದ ನೆಲ: ಎಂಜಿನ್ನಿನ ಶಕ್ತಿಯು ಮುಂದಿನ ಚಕ್ರಗಳಿಗೇ ಹೋಗುವುದರಿಂದ ಹಿಂದಕ್ಕೆ ಹಾಯುವ ದಂಡವಿಲ್ಲ. ಹಾಗಾಗಿ ನಡುವೆ ಉಬ್ಬಿಲ್ಲದ ನೆಲ ದೊರೆತು ಕಾಲು ಚಾಚಲು ಜಾಗವಾಯಿತು.

ಆಸನ ಮತ್ತು ಹಾಸು: ಆಸನಗಳಲ್ಲಿ ದಪ್ಪನಾದ ಫೋಮ್ ರಬ್ಬರನ್ನು ಬಳಸಲಾಯಿತು. ನೆಲದ ಹಾಸಿನ ಅಡಿಯಲ್ಲಿಯೂ ಫೋಮ್ ಇದ್ದುದರಿಂದ ರಸ್ತೆಯ ಸದ್ದು ಮತ್ತು ಸಣ್ಣ ನಡುಕಗಳು ಕಡಿಮೆಯಾದವು.

ಗಾಳಿಯ ತಡೆ: ಹನಿಯಂತೆ ಹಿಂದಕ್ಕೆ ಕಿರಿದಾಗುವ ಆಕಾರದಿಂದ ಗಾಳಿಯ ತಡೆ ಅಂದಿನ ಇತರ ಕಾರುಗಳಿಗಿಂತ ಕಡಿಮೆಯಿತ್ತು. ಸಾಧಾರಣ ಎಂಜಿನ್ ಇದ್ದರೂ ವೇಗವನ್ನು ಕಾಯ್ದುಕೊಳ್ಳಲು ಇದರಿಂದ ಸಹಾಯವಾಯಿತು.

ಚಾಲಕನ ಕೆಲಸ: ಸ್ಟಿಯರಿಂಗಿಗೆ ದ್ರವದ ಒತ್ತಡದ ನೆರವಿತ್ತು. ಗೇರ್ ಬದಲಾಯಿಸಲು ಸಣ್ಣ ಸನ್ನೆಯನ್ನು ಸರಿಸಿದರೆ ಸಾಕಿತ್ತು, ಕ್ಲಚ್ ಪೆಡಲ್ ಇರಲಿಲ್ಲ. ಬ್ರೇಕಿಗೆ ಪೆಡಲಿನ ಬದಲು ಅಣಬೆಯ ಆಕಾರದ ರಬ್ಬರ್ ಗುಂಡಿಯಿತ್ತು, ಅದನ್ನು ಮೆಲ್ಲನೆ ಒತ್ತಿದರೆ ಸಾಕಾಗುತ್ತಿತ್ತು.

ಸುರಕ್ಷತೆ

ಮೃದುವಾದ ಕಾರು ಚಾಲಕನ ಹಿಡಿತಕ್ಕೆ ಸಿಗುವುದಿಲ್ಲ ಎಂಬ ನಂಬಿಕೆ ಅಂದು ವ್ಯಾಪಕವಾಗಿತ್ತು. ಡಿಎಸ್ ಇದನ್ನು ಅಲ್ಲಗಳೆಯಿತು. ಚಕ್ರಗಳು ರಸ್ತೆಯ ಏರುಪೇರುಗಳನ್ನು ಅನುಸರಿಸಿ ನೆಲಕ್ಕೆ ಅಂಟಿಕೊಂಡೇ ಇರುವುದರಿಂದ ಹಿಡಿತ ಹೆಚ್ಚುತ್ತದೆ. ಮಿಶೆಲಿನ್ ಸಂಸ್ಥೆಯ ರೇಡಿಯಲ್ ಟೈರುಗಳೂ ಇದಕ್ಕೆ ನೆರವಾದವು.

ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳನ್ನು ಅಳವಡಿಸಲಾಗಿತ್ತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಕಾರುಗಳಲ್ಲಿ ಇಂತಹ ಬ್ರೇಕುಗಳನ್ನು ಪಡೆದ ಮೊದಲಿನವುಗಳಲ್ಲಿ ಡಿಎಸ್ ಒಂದು. ಈ ಬ್ರೇಕುಗಳು ಚಕ್ರದೊಳಗೆ ಇರದೆ ಗೇರ್ ಪೆಟ್ಟಿಗೆಯ ಪಕ್ಕದಲ್ಲಿದ್ದವು. ಇದರಿಂದ ಚಕ್ರದ ತೂಕ ಕಡಿಮೆಯಾಯಿತು. ಚಕ್ರವು ತಿರುಗುವ ಅಕ್ಷವನ್ನು ಟೈರಿನ ನಡುವಿಗೇ ತರಲು ಸಾಧ್ಯವಾಯಿತು. ಈ ವಿನ್ಯಾಸದಿಂದಾಗಿ ಓಡುತ್ತಿರುವಾಗ ಮುಂದಿನ ಟೈರು ಒಡೆದರೂ ಸ್ಟಿಯರಿಂಗ್ ಒಂದು ಬದಿಗೆ ಬಲವಾಗಿ ಎಳೆಯುತ್ತಿರಲಿಲ್ಲ. ಮುಂದಿನ ಮತ್ತು ಹಿಂದಿನ ಬ್ರೇಕುಗಳ ನಡುವೆ ಬಲವನ್ನು ಹಂಚುವಾಗ ಹಿಂಭಾಗದ ಹೊರೆಯೂ ಗಣನೆಗೆ ಬರುತ್ತಿತ್ತು.

ಒಂದೇ ಕಡ್ಡಿಯ ಸ್ಟಿಯರಿಂಗ್ ಚಕ್ರವು ಡಿಎಸ್ ಕಾರಿನ ಗುರುತಾಯಿತು. ಅಪಘಾತವಾದಾಗ ಚಾಲಕನ ಎದೆಗೆ ಆಗುವ ಪೆಟ್ಟನ್ನು ಕಡಿಮೆ ಮಾಡುವುದು ಇದರ ಉದ್ದೇಶಗಳಲ್ಲೊಂದು. 1967ರಲ್ಲಿ ಮುಂಭಾಗವನ್ನು ಮರುವಿನ್ಯಾಸಗೊಳಿಸಿ, ಗಾಜಿನ ಹಿಂದೆ ನಾಲ್ಕು ದೀಪಗಳನ್ನು ಅಳವಡಿಸಲಾಯಿತು. ಒಳಬದಿಯ ದೀಪಗಳು ಸ್ಟಿಯರಿಂಗಿನೊಂದಿಗೆ ತಿರುಗಿ, ರಾತ್ರಿಯ ಪ್ರಯಾಣದಲ್ಲಿ ತಿರುವಿನ ಆಚೆಗೆ ಬೆಳಕು ಬೀರುತ್ತಿದ್ದವು.

ಪೆತಿ-ಕ್ಲಾಮಾರ್ ಘಟನೆ

1962ರ ಆಗಸ್ಟ್ 22ರ ಸಂಜೆ ಫ್ರಾನ್ಸಿನ ಅಧ್ಯಕ್ಷ ಶಾರ್ಲ್ ದ ಗೋಲ್ ತಮ್ಮ ಪತ್ನಿಯೊಂದಿಗೆ ಡಿಎಸ್19 ಕಾರಿನಲ್ಲಿ ಪ್ಯಾರಿಸ್ಸಿನಿಂದ ಹೊರಟಿದ್ದರು. ಅಲ್ಜೀರಿಯಾಕ್ಕೆ ಸ್ವಾತಂತ್ರ್ಯ ನೀಡಿದುದನ್ನು ವಿರೋಧಿಸುತ್ತಿದ್ದ ಗುಂಪೊಂದು ನಗರದ ಹೊರವಲಯದ ಪೆತಿ-ಕ್ಲಾಮಾರ್ ಎಂಬಲ್ಲಿ ಹೊಂಚುಹಾಕಿ ನೂರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿತು. ಕಾರಿನ ಟೈರುಗಳು ತೂತಾದರೂ ಚಾಲಕ ಫ್ರಾನ್ಸಿಸ್ ಮಾರು ವೇಗವನ್ನು ತಗ್ಗಿಸದೆ ಕಾರನ್ನು ಅಪಾಯದಿಂದ ಪಾರುಮಾಡಿದರು. ಒಳಗಿದ್ದವರಾರಿಗೂ ಗಾಯವಾಗಲಿಲ್ಲ. ಟೈರು ಒಡೆದಾಗಲೂ ಹಿಡಿತ ತಪ್ಪದ ಕಾರಿನ ಗುಣವು ಈ ಘಟನೆಯಿಂದ ಜನಜನಿತವಾಯಿತು. ಫ್ರೆಡೆರಿಕ್ ಫೋರ್ಸಿತ್ ಅವರ 'ದಿ ಡೇ ಆಫ್ ದಿ ಜಾಕಲ್' ಕಾದಂಬರಿಯು ಈ ಹತ್ಯಾಯತ್ನದ ಪ್ರಸಂಗವನ್ನು ಬಳಸಿಕೊಂಡಿದೆ.

ಕೊರತೆಗಳು

ಡಿಎಸ್ ಕಾರಿನ ಎಂಜಿನ್ ಅದರ ಇತರ ಭಾಗಗಳಷ್ಟು ಹೊಸದಾಗಿರಲಿಲ್ಲ. ಆರು ಸಿಲಿಂಡರುಗಳ ಹೊಸ ಎಂಜಿನ್ನಿನ ಯೋಜನೆ ಕೈಗೂಡದೆ, ಟ್ರಾಕ್ಷನ್ ಅವಾಂ ಕಾರಿನ ನಾಲ್ಕು ಸಿಲಿಂಡರುಗಳ 1,911 ಘನ ಸೆಂಟಿಮೀಟರಿನ ಎಂಜಿನ್ನನ್ನೇ ಸುಧಾರಿಸಿ 75 ಅಶ್ವಶಕ್ತಿಯೊಂದಿಗೆ ಬಳಸಲಾಯಿತು. ಎಂಜಿನ್ ದೊಡ್ಡದಾದಂತೆ ಹೆಚ್ಚಿನ ತೆರಿಗೆ ಹೇರುವ ಫ್ರಾನ್ಸಿನ ಪದ್ಧತಿಯಲ್ಲಿ ಸಣ್ಣ ಎಂಜಿನ್ ಕೊಳ್ಳುವವರಿಗೆ ಅನುಕೂಲವಾಗಿತ್ತಾದರೂ, ಅದರ ಸದ್ದು ಮತ್ತು ಒರಟುತನವು ಕಾರಿನ ನಯವಾದ ಚಲನೆಗೆ ಹೊಂದುತ್ತಿರಲಿಲ್ಲ.

ಇನ್ನೊಂದು ದೊಡ್ಡ ಸಮಸ್ಯೆ ದ್ರವ ವ್ಯವಸ್ಥೆಯ ಸಂಕೀರ್ಣತೆ. ಆರಂಭದ ವರ್ಷಗಳಲ್ಲಿ ಸೋರಿಕೆಗಳು ಸಾಮಾನ್ಯವಾಗಿದ್ದವು. ಸಸ್ಪೆನ್ಷನ್, ಬ್ರೇಕ್, ಸ್ಟಿಯರಿಂಗ್, ಗೇರ್ ಎಲ್ಲವೂ ಒಂದೇ ಮೂಲದ ಒತ್ತಡವನ್ನು ಅವಲಂಬಿಸಿದ್ದುದರಿಂದ ಒಂದು ಕೊಳವೆಯ ದೋಷವೂ ಕಾರನ್ನು ನಿಲ್ಲಿಸಬಹುದಿತ್ತು. ಮೊದಲು ಬಳಸಿದ ಸಸ್ಯಜನ್ಯ ದ್ರವವೂ, ಅದರ ಬದಲಿಗೆ ಬಂದ ಕೃತಕ ದ್ರವವೂ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತಿದ್ದವು. ಇದರಿಂದ ಒಳಗಿನ ಲೋಹದ ಭಾಗಗಳಿಗೆ ತುಕ್ಕು ಹಿಡಿಯುತ್ತಿತ್ತು. 1966ರಲ್ಲಿ ಹಸಿರು ಬಣ್ಣದ ಖನಿಜ ತೈಲ ಆಧಾರಿತ ದ್ರವವನ್ನು ಬಳಕೆಗೆ ತಂದ ಮೇಲೆ ವ್ಯವಸ್ಥೆಯು ಹೆಚ್ಚು ಬಾಳಿಕೆ ಪಡೆಯಿತು. ಎರಡು ಬಗೆಯ ದ್ರವಗಳನ್ನು ಬೆರೆಸಿದರೆ ರಬ್ಬರಿನ ಭಾಗಗಳು ಹಾಳಾಗುತ್ತವೆ. ಹಳೆಯ ಡಿಎಸ್ ಕಾರುಗಳನ್ನು ಉಳಿಸಿಕೊಂಡಿರುವವರು ಇಂದಿಗೂ ಈ ವಿಷಯದಲ್ಲಿ ಎಚ್ಚರ ವಹಿಸುತ್ತಾರೆ.

ದುರಸ್ತಿಗೆ ವಿಶೇಷ ತರಬೇತಿ ಬೇಕಾಗಿತ್ತು. ಊರಿನ ಸಾಮಾನ್ಯ ಮೆಕ್ಯಾನಿಕ್‌ಗಳಿಗೆ ಈ ಕಾರು ಅಪರಿಚಿತವಾಗಿತ್ತು. ಅಲ್ಲದೆ ಮೃದುವಾದ, ನಿಧಾನವಾದ ತೂಗಾಟವು ಎಲ್ಲರಿಗೂ ಒಗ್ಗುವುದಿಲ್ಲ. ಹಡಗಿನಲ್ಲಿ ಕುಳಿತವರಂತೆ ಕೆಲವು ಪ್ರಯಾಣಿಕರಿಗೆ ಇದರಿಂದ ಹೊಟ್ಟೆ ತೊಳಸುತ್ತಿತ್ತು.

ಮುಖ್ಯ ಮಾದರಿಗಳು

ಡಿಎಸ್19 (1955): ಮೂಲ ಮಾದರಿ. ಗರಿಷ್ಠ ವೇಗ ಗಂಟೆಗೆ ಸುಮಾರು 140 ಕಿಲೋಮೀಟರ್.

ಐಡಿ19 (1957): ಕಡಿಮೆ ಬೆಲೆಯ ಮಾದರಿ. ಅದೇ ಸಸ್ಪೆನ್ಷನ್ ಉಳಿಸಿಕೊಂಡು, ಸಾಮಾನ್ಯ ಗೇರ್ ಮತ್ತು ಕ್ಲಚ್‌ಗಳನ್ನು ಹೊಂದಿತ್ತು. ಟ್ಯಾಕ್ಸಿಯಾಗಿಯೂ ಬಳಕೆಯಾಯಿತು.

ಬ್ರೇಕ್: ಹಿಂಭಾಗದಲ್ಲಿ ಹೆಚ್ಚು ಜಾಗವಿದ್ದ ಸ್ಟೇಷನ್ ವ್ಯಾಗನ್. ಕುಲುಕಾಟವಿಲ್ಲದ ಕಾರಣ ಇದನ್ನು ಆಂಬುಲೆನ್ಸ್ ಆಗಿಯೂ ಪರಿವರ್ತಿಸಲಾಗುತ್ತಿತ್ತು. ಹೆಸರಿನ ಹೊರತು ವಾಹನ ನಿಲ್ಲಿಸುವ ಬ್ರೇಕಿಗೂ ಇದಕ್ಕೂ ಸಂಬಂಧವಿಲ್ಲ.

ಡೆಕಾಪೊಟಾಬ್ಲ್: ಮಡಚಬಹುದಾದ ಚಾವಣಿಯ ಮಾದರಿ. ಇದನ್ನು ಹೆನ್ರಿ ಶಾಪ್ರೋನ್ ಅವರ ಕಾರ್ಯಾಗಾರದಲ್ಲಿ ತಯಾರಿಸಲಾಗುತ್ತಿತ್ತು.

ಪಲ್ಲಾಸ್ (1964): ಸದ್ದನ್ನು ತಡೆಯುವ ಹೆಚ್ಚಿನ ಹಾಸುಗಳು ಮತ್ತು ಉತ್ತಮ ಒಳಾಂಗಣವಿದ್ದ ಮಾದರಿ.

ಡಿಎಸ್21 (1965): 2,175 ಘನ ಸೆಂಟಿಮೀಟರಿನ ಹೊಸ ಎಂಜಿನ್. 1969ರಲ್ಲಿ ಇದಕ್ಕೆ ವಿದ್ಯುನ್ಮಾನ ಇಂಧನ ಚುಚ್ಚುವಿಕೆಯನ್ನು ಅಳವಡಿಸಲಾಯಿತು.

ಡಿಎಸ್23 (1972): 2,347 ಘನ ಸೆಂಟಿಮೀಟರಿನ ಎಂಜಿನ್. ಡಿಎಸ್ ಸರಣಿಯಲ್ಲಿ ಇದು ಅತ್ಯಂತ ಶಕ್ತಿಶಾಲಿ ಮಾದರಿ.

ರ್‍ಯಾಲಿಗಳು

ಕೆಟ್ಟ ರಸ್ತೆಗಳಲ್ಲಿ ದಿನಗಟ್ಟಲೆ ಓಡಬೇಕಾದ ರ್‍ಯಾಲಿಗಳಲ್ಲಿ, ಶಕ್ತಿಶಾಲಿ ಎಂಜಿನ್ ಇಲ್ಲದಿದ್ದರೂ ಡಿಎಸ್ ಯಶಸ್ಸು ಕಂಡಿತು. 1959ರ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಪಾಲ್ ಕೊಲ್ತೆಲೋನಿ ಐಡಿ19 ಕಾರಿನಲ್ಲಿ ಗೆದ್ದರು. 1966ರಲ್ಲಿ ಮುಂದಿದ್ದ ಮಿನಿ ಕಾರುಗಳು ದೀಪಗಳ ನಿಯಮದ ಕಾರಣಕ್ಕೆ ಅನರ್ಹಗೊಂಡಾಗ, ಡಿಎಸ್21 ಓಡಿಸಿದ ಫಿನ್ಲೆಂಡಿನ ಪೌಲಿ ತೊಯ್ವೊನೆನ್ ಅವರಿಗೆ ಜಯ ಸಂದಿತು.

ಡಿಎಸ್ ಮತ್ತು ಭಾರತದ ರಸ್ತೆಗಳ ನಡುವಣ ಒಂದು ನಂಟು 1968ರ ಲಂಡನ್-ಸಿಡ್ನಿ ಮ್ಯಾರಥಾನ್‌ಗೆ ಸೇರಿದ್ದು. ಸುಮಾರು 16,000 ಕಿಲೋಮೀಟರಿನ ಈ ರ್‍ಯಾಲಿಯು ನವೆಂಬರ್ 24ರಂದು ಲಂಡನ್ನಿನಲ್ಲಿ ಆರಂಭವಾಗಿ ಇಸ್ತಾಂಬುಲ್, ಟೆಹ್ರಾನ್, ಕಾಬೂಲ್, ದೆಹಲಿಗಳನ್ನು ಹಾದು ಮುಂಬಯಿಗೆ ತಲುಪಿತು. ಅಲ್ಲಿಂದ ಕಾರುಗಳನ್ನು ಹಡಗಿನಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಗೆ ಸಾಗಿಸಿ, ಸಿಡ್ನಿಯವರೆಗೆ ಮತ್ತೆ ಓಡಿಸಲಾಯಿತು. ಲುಸಿಯೆನ್ ಬಿಯಾಂಕಿ ಮತ್ತು ಜಾನ್-ಕ್ಲೋಡ್ ಓಜಿಯೆ ಅವರ ಡಿಎಸ್21 ಕೊನೆಯ ಹಂತದಲ್ಲಿ ಮೊದಲ ಸ್ಥಾನದಲ್ಲಿತ್ತು. ಗುರಿ ಹತ್ತಿರವಾಗಿದ್ದಾಗ, ನೌರಾ ಎಂಬ ಊರಿನ ಬಳಿ ಎದುರಿನಿಂದ ಬಂದ, ರ್‍ಯಾಲಿಗೆ ಸೇರದ ಮಿನಿ ಕಾರೊಂದು ಅದಕ್ಕೆ ಡಿಕ್ಕಿ ಹೊಡೆಯಿತು. ಬಿಯಾಂಕಿ ಗಾಯಗೊಂಡರು, ಕಾರು ಅಲ್ಲಿಗೇ ನಿಂತಿತು. ಆಂಡ್ರ್ಯೂ ಕೋವನ್ ತಂಡದ ಹಿಲ್‌ಮನ್ ಹಂಟರ್ ಮೊದಲ ಸ್ಥಾನ ಪಡೆಯಿತು.

ಪ್ರಭಾವ ಮತ್ತು ನಂತರದ ಬೆಳವಣಿಗೆ

ರೋಲ್ಸ್-ರಾಯ್ಸ್ ಸಂಸ್ಥೆಯು 1965ರ 'ಸಿಲ್ವರ್ ಶ್ಯಾಡೋ' ಕಾರಿನಲ್ಲಿ ಎತ್ತರವನ್ನು ಕಾಯ್ದುಕೊಳ್ಳುವ ವ್ಯವಸ್ಥೆಗಾಗಿ ಸಿಟ್ರೊಯೆನ್ ತಂತ್ರಜ್ಞಾನವನ್ನು ಪರವಾನಗಿಯ ಮೇಲೆ ಪಡೆಯಿತು. ಮರ್ಸಿಡಿಸ್-ಬೆಂಜ್ 1975ರ '450 ಎಸ್‌ಇಎಲ್ 6.9' ಮಾದರಿಯಲ್ಲಿ ತನ್ನದೇ ಆದ ಹೈಡ್ರೋನ್ಯೂಮ್ಯಾಟಿಕ್ ಸಸ್ಪೆನ್ಷನ್ ಬಳಸಿತು. ಈ ಎರಡೂ ಕಾರುಗಳು ಅತ್ಯಂತ ದುಬಾರಿಯಾದವು. ಡಿಎಸ್ ಅವುಗಳಿಗೆ ಹೋಲಿಸಿದರೆ ವೈದ್ಯರು, ವಕೀಲರು, ವ್ಯಾಪಾರಿಗಳು ಕೊಳ್ಳಬಹುದಾದ ಕಾರಾಗಿತ್ತು.

ಸಿಟ್ರೊಯೆನ್ ಸ್ವತಃ ಈ ಸಸ್ಪೆನ್ಷನ್ನನ್ನು 1970ರ ಜಿಎಸ್ ಎಂಬ ಸಣ್ಣ ಕಾರಿಗೂ ಎಸ್‌ಎಂ ಎಂಬ ವೇಗದ ಕಾರಿಗೂ ವಿಸ್ತರಿಸಿತು. ಡಿಎಸ್ ಕಾರಿನ ಉತ್ತರಾಧಿಕಾರಿಯಾಗಿ 1974ರಲ್ಲಿ ಸಿಎಕ್ಸ್ ಬಂದಿತು. 1975ರ ಏಪ್ರಿಲಿನಲ್ಲಿ ಕೊನೆಯ ಡಿಎಸ್ ತಯಾರಾಯಿತು. ಇದು ತಯಾರಾಗುತ್ತಿದ್ದ ಪ್ಯಾರಿಸ್ಸಿನ ಜಾವೆಲ್ ಕಾರ್ಖಾನೆಯ ಜಾಗದಲ್ಲಿ ಇಂದು ಆಂದ್ರೆ ಸಿಟ್ರೊಯೆನ್ ಹೆಸರಿನ ಉದ್ಯಾನವಿದೆ. 1989ರ ಎಕ್ಸ್‌ಎಂ ಕಾರಿನಲ್ಲಿ ಈ ಸಸ್ಪೆನ್ಷನ್ನಿಗೆ ವಿದ್ಯುನ್ಮಾನ ನಿಯಂತ್ರಣ ಸೇರಿತು. ಸಿಟ್ರೊಯೆನ್ ಸಿ5 ಕಾರಿನ ತಯಾರಿಕೆ ನಿಲ್ಲುವುದರೊಂದಿಗೆ 2017ರಲ್ಲಿ ಸಂಸ್ಥೆಯ ಕಾರುಗಳಲ್ಲಿ ಇದರ ಬಳಕೆ ಕೊನೆಗೊಂಡಿತು. ರಸ್ತೆಗಳು ಸುಧಾರಿಸಿದ್ದು, ಉಕ್ಕಿನ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳು ಉತ್ತಮಗೊಂಡಿದ್ದು, ತಯಾರಿಕೆಯ ವೆಚ್ಚ ಹೆಚ್ಚಾಗಿದ್ದು ಇದಕ್ಕೆ ಮುಖ್ಯ ಕಾರಣಗಳು.

2014ರಲ್ಲಿ 'ಡಿಎಸ್' ಎಂಬ ಹೆಸರನ್ನು ಪ್ರತ್ಯೇಕ ಬ್ರಾಂಡನ್ನಾಗಿ ಮಾಡಲಾಯಿತು. ಆ ಬ್ರಾಂಡಿನ ಕಾರುಗಳಿಗೂ ಮೂಲ ಡಿಎಸ್ ಕಾರಿಗೂ ಹೆಸರಿನ ಸಂಬಂಧವಿದೆಯೇ ಹೊರತು ಅದೇ ಸಸ್ಪೆನ್ಷನ್ ಅವುಗಳಲ್ಲಿಲ್ಲ. ಸಿಟ್ರೊಯೆನ್ 2021ರಲ್ಲಿ ಭಾರತದ ಮಾರುಕಟ್ಟೆಯನ್ನು ಪ್ರವೇಶಿಸಿದಾಗ ಹೊರತಂದ 'ಸಿ5 ಏರ್‌ಕ್ರಾಸ್' ಕಾರನ್ನು ತಮಿಳುನಾಡಿನ ತಿರುವಳ್ಳೂರಿನಲ್ಲಿ ಜೋಡಿಸಲಾಗುತ್ತಿತ್ತು. ಅದರಲ್ಲಿ ಉಕ್ಕಿನ ಸ್ಪ್ರಿಂಗುಗಳೇ ಇದ್ದವು. ಶಾಕ್ ಅಬ್ಸಾರ್ಬರಿನ ಎರಡು ತುದಿಗಳಲ್ಲಿ ದ್ರವದ ಮೆತ್ತೆಗಳನ್ನಿಟ್ಟು, ಹಳ್ಳಕ್ಕೆ ಬಿದ್ದಾಗ ಆಗುವ ಕೊನೆಯ ಹೊಡೆತವನ್ನು ನಿಧಾನಗೊಳಿಸುವುದು ಅದರ ವಿಧಾನ. ಗೋಳ, ಪಂಪು, ಎತ್ತರ ನಿಯಂತ್ರಕಗಳಿಲ್ಲದ ಈ ವ್ಯವಸ್ಥೆಯು ಡಿಎಸ್ ಕಾರಿನದಕ್ಕಿಂತ ಬಹಳ ಸರಳವಾದುದು. ಹೊರೆ ಬಿದ್ದಾಗ ಕಾರಿನ ಎತ್ತರವನ್ನು ತಾನಾಗಿ ಸರಿಪಡಿಸುವ ಶಕ್ತಿ ಇದಕ್ಕಿಲ್ಲ.